ಹಜಾರದೊಳಗೊಂದು ಗರಡಿ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿನಿಂದಿಳಿದು ಮೇಲ್ಸೇತುವೆ ಹತ್ತುವ ಹಿರಿಯರ ಕೈಗಳನ್ನು ಗಮನಿಸಿ ನೋಡಿ. ಕೆಲವರ ಕೈ ಕಂಬಿಯ ಮೇಲೆ ಸುಮ್ಮನೆ ಜಾರುತ್ತಾ ಹೋಗುತ್ತದೆ. ಇನ್ನು ಕೆಲವರು ಕಂಬಿಯನ್ನು ಬಿಗಿಯಾಗಿ ಹಿಡಿದು, ಮೈಯನ್ನು ಅದರಿಂದಲೇ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಪ್ರತಿ ಮೆಟ್ಟಿಲಲ್ಲೂ ಎರಡು ಪಾದ ಸೇರಿಸಿ ನಿಂತು, ಆಮೇಲೆ ಮುಂದಿನದಕ್ಕೆ ಹೋಗುತ್ತಾರೆ. ಕಾಲು ಮಾಡಬೇಕಾದ ಕೆಲಸವನ್ನು ಕೈ ವಹಿಸಿಕೊಂಡಿದೆ ಎಂದರ್ಥ. ಕಸುಬು ಬಲ್ಲ ಫಿಸಿಯೋಥೆರಪಿಸ್ಟ್ ಒಬ್ಬರಿಗೆ ಈ ಒಂದು ನೋಟ ಸಾಕು, ಆ ವ್ಯಕ್ತಿಯ ಮನೆಗೆ ಯಾವ ವ್ಯಾಯಾಮ ಸಾಧನ ಬೇಕು, ಯಾವುದು ಬೇಡ ಎಂಬುದರ ಅರ್ಧ ಉತ್ತರ ಸಿಕ್ಕಿರುತ್ತದೆ.

ಬಹಳ ವರ್ಷ ಬಿಟ್ಟು ಮತ್ತೆ ವ್ಯಾಯಾಮಕ್ಕೆ ಮರಳುವ ಹಿರಿಯರಿಗೆ ಸಾಧನ ಆರಿಸಿಕೊಡುವುದು ಒಂದು ಕಸುಬು. ಅದನ್ನು ಚೆನ್ನಾಗಿ ಬಲ್ಲವರ ಬಗ್ಗೆ ನನಗೆ ಬಹಳ ಗೌರವ. ಅಂಗಡಿಯವರು ಬಜೆಟ್ ಎಷ್ಟು, ಜಾಗ ಎಷ್ಟು ಎಂದು ಕೇಳುತ್ತಾರೆ. ಇವರು ಕೇಳುವ ಪ್ರಶ್ನೆಗಳೇ ಬೇರೆ. ನೆಲದ ಮೇಲೆ ಕೂತರೆ ಏಳುವುದಕ್ಕೆ ಏನನ್ನು ಹಿಡಿಯುತ್ತೀರಿ? ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ತಲೆ ಸುತ್ತುತ್ತದೆಯೇ? ನೀರು ತುಂಬಿದ ಬಿಂದಿಗೆ ಎಷ್ಟು ದೂರ ಹೊರುತ್ತೀರಿ? ಅಟ್ಟದ ಮೇಲಿನ ಡಬ್ಬಕ್ಕೆ ಕೈ ಎಟಕುತ್ತದೆಯೇ? ಕೊನೆಗೆ ಇನ್ನೊಂದು ಪ್ರಶ್ನೆ: ಯಾವ ಕೆಲಸ ಮತ್ತೆ ಮಾಡುವ ಹಾಗಾಗಬೇಕು?

ಈ ಕೊನೆಯ ಪ್ರಶ್ನೆಗೆ ನಮ್ಮ ಕಡೆಯವರ ಉತ್ತರಗಳು ತುಂಬ ಸ್ಪಷ್ಟ. ಹುಣ್ಣಿಮೆಗೆ ಜೇನುಕಲ್ಲು ಸಿದ್ದೇಶ್ವರನ ಬೆಟ್ಟ ಹತ್ತಬೇಕು. ಬೇಲೂರಿನಲ್ಲಿ ಚೆನ್ನಕೇಶವನ ಜಗತಿಯ ಮೆಟ್ಟಿಲು ಹತ್ತಿ, ಆಮೇಲೆ ಗುಡಿಯ ಬಾಗಿಲ ಮೆಟ್ಟಿಲನ್ನೂ ಹತ್ತಿ, ಒಳಗಿನ ಮಬ್ಬು ಬೆಳಕಿನಲ್ಲಿ ಯಾರ ತೋಳನ್ನೂ ಹಿಡಿಯದೆ ನಡೆಯಬೇಕು. ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಸುತ್ತ ಬರಿಗಾಲಲ್ಲಿ ಒಂದು ಸುತ್ತು ಹಾಕಬೇಕು. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತು ಊಟ ಮಾಡಿ ತಾನಾಗಿ ಏಳಬೇಕು. ತೋಟಕ್ಕೆ ಹೋಗಿ ಬಿದ್ದ ಕಾಯಿ ಬಗ್ಗಿ ಎತ್ತಬೇಕು. ಇವಿಷ್ಟರಲ್ಲಿ ಏಳುವುದಿದೆ, ಹತ್ತುವುದಿದೆ, ಸಮತೋಲ ತಪ್ಪದೆ ತಿರುಗುವುದಿದೆ, ಭಾರ ಹಿಡಿದು ಒಯ್ಯುವುದಿದೆ. ಯಾವುದು ಕೈಕೊಟ್ಟಿದೆಯೋ ಅದಕ್ಕೆ ತಕ್ಕ ಸಾಧನ ಮೊದಲು ಬರಬೇಕು.

ಹಾಗೆ ನೋಡಿದರೆ ಮೊದಲ ಸಾಧನ ಬಹುತೇಕ ಎಲ್ಲರ ಮನೆಯಲ್ಲೂ ಇದೆ. ಅದು ಕೈಯಿಲ್ಲದ, ಗಟ್ಟಿಯಾದ ಒಂದು ಮರದ ಕುರ್ಚಿ. ನೆಲದಿಂದ ಕೂರುವ ಹಲಗೆಗೆ ಸುಮಾರು 43 ಸೆಂಟಿಮೀಟರ್ ಇರಬೇಕು. ಪ್ಲಾಸ್ಟಿಕ್ ಕುರ್ಚಿ ಬೇಡ. ಅದರ ಕಾಲು ನಯವಾದ ಟೈಲ್ಸ್ ಮೇಲೆ ಹಿಂದಕ್ಕೆ ಜಾರುತ್ತದೆ. ಮರದ ಕುರ್ಚಿಯನ್ನೂ ಗೋಡೆಗೆ ಒತ್ತಿ ಇಡಬೇಕು. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲು ಆಗುತ್ತದೆ ಎಂದು ಎಣಿಸುವುದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪರೀಕ್ಷೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಕೋಷ್ಟಕದ ಪ್ರಕಾರ 65ರಿಂದ 69ರ ವಯಸ್ಸಿನ ಗಂಡಸರು 12ಕ್ಕಿಂತ ಕಡಿಮೆ, ಹೆಂಗಸರು 11ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯ ಹೆಚ್ಚು. ಪರೀಕ್ಷೆ ನಡೆಯುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಈ ಕುರ್ಚಿಯೇ ಪರೀಕ್ಷೆಯೂ ಹೌದು, ಮದ್ದೂ ಹೌದು. ಬಲ್ಲವರು ಅದನ್ನು ಹೇಗೆ ಬಳಸುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಎದ್ದೇಳಲು ಆಗದವರಿಗೆ ಹಲಗೆಯ ಮೇಲೆ ಗಟ್ಟಿ ದಿಂಬೊಂದನ್ನು ಹಾಕಿ ಎತ್ತರ ಹೆಚ್ಚಿಸುತ್ತಾರೆ. ಪಾದ ಮಂಡಿಗಿಂತ ತುಸು ಹಿಂದಕ್ಕೆ ಬರಲಿ ಎನ್ನುತ್ತಾರೆ. ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಿಸುತ್ತಾರೆ. ಮೈಭಾರ ಪಾದದ ಮೇಲೆ ಬಂದಮೇಲೆ ಏಳುವುದು ಸಲೀಸು. ಏಳುವಾಗ ಉಸಿರು ಬಿಡಬೇಕು, ಹಿಡಿಯಬಾರದು, ಬಿಪಿ ಇದ್ದವರಂತೂ ಖಂಡಿತ ಹಿಡಿಯಬಾರದು. ಕೂರುವಾಗ ಧೊಪ್ಪನೆ ಬೀಳದೆ, ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸುತ್ತಾ ಇಳಿಯಬೇಕು. ನಿಧಾನವಾಗಿ ಇಳಿಯುವಾಗ ತೊಡೆಯ ಸ್ನಾಯು ಮೈಭಾರವನ್ನು ತಡೆದು ಹಿಡಿಯುತ್ತಾ ದುಡಿಯುತ್ತದೆ. ಬೆಟ್ಟ ಇಳಿಯಲು ಬೇಕಾದ್ದೂ ಅದೇ ಬಲ. ಹತ್ತು ಸಲ ಸುಲಭವಾದ ಮೇಲೆ ದಿಂಬು ತೆಗೆಯುತ್ತಾರೆ. ಅದೂ ಸುಲಭವಾದ ಮೇಲೆ ಎದೆಗವಚಿಕೊಳ್ಳಲು ಒಂದು ಸುಲಿದ ತೆಂಗಿನಕಾಯಿ ಕೊಡಬಹುದು, ಅದರ ತೂಕ ಅರ್ಧ ಕೆಜಿಯ ಆಸುಪಾಸು. ಅರಸೀಕೆರೆ ಸೀಮೆಯಲ್ಲಿ ತೆಂಗಿನಕಾಯಿಗೆ ಬರವಿಲ್ಲ. ನಮ್ಮ ಅಜ್ಜಂದಿರು ಗರಡಿಯಲ್ಲಿ ಹೊಡೆಯುತ್ತಿದ್ದ ಬಸ್ಕಿಯೇ ಇದು, ಕುರ್ಚಿಯೊಂದು ಕೆಳಗೆ ಬಂದು ಕೂತಿದೆ ಅಷ್ಟೇ.

ಈ ವಯಸ್ಸಿನಲ್ಲಿ ಬಲ ಬರುತ್ತದೆಯೇ ಎಂಬ ಸಂದೇಹ ಮನೆಯವರಿಗೆಲ್ಲ ಇರುತ್ತದೆ. 1990ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬೋಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದ, ಸರಾಸರಿ 90 ವರ್ಷದ, ಕೃಶರಾದ 10 ಮಂದಿಗೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 8 ವಾರ ತೊಡೆಗೆ ಭಾರದ ವ್ಯಾಯಾಮ ಮಾಡಿಸಿದರು. ಕಾಲಿನ ಬಲ ಸರಾಸರಿ 174 ಪ್ರತಿಶತ ಹೆಚ್ಚಿತು. ತೊಂಬತ್ತರಲ್ಲಿ ಅಷ್ಟು ಬಲ ಮರಳುವುದಾದರೆ ಅರವತ್ತೆಂಟರಲ್ಲಿ ನಿರಾಶರಾಗಲು ಕಾರಣವೇ ಇಲ್ಲ. ಅಲ್ಲಿ ಭಾರ ಹೆಚ್ಚಿಸಿದ್ದು ಅಳೆದು, ತೂಗಿ, ನೋಡಿಕೊಂಡು ಎಂಬುದನ್ನೂ ಮರೆಯಬಾರದು.

ಭಾರವನ್ನು ಅಳತೆಯಲ್ಲಿ ಏರಿಸುವ ಈ ಬುದ್ಧಿ ನಮ್ಮ ನೆಲಕ್ಕೆ ಹೊಸದಲ್ಲ. ಬೇಲೂರಿನ ಗುಡಿ ಪ್ರತಿಷ್ಠೆಯಾದ 1117ರ ನಂತರದ ತಲೆಮಾರಿನಲ್ಲೇ, ಹೊಯ್ಸಳ ವಿಷ್ಣುವರ್ಧನನ ಸಮಕಾಲೀನನಾದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಬರೆದ. ಅದರ ಮಲ್ಲವಿನೋದದ ಭಾಗದಲ್ಲಿ ಜಟ್ಟಿಗಳನ್ನು ವಯಸ್ಸು ಮತ್ತು ಬಲ ನೋಡಿ ವಿಂಗಡಿಸಿ, ಭಾರ ಎತ್ತುವ, ಈಜುವ, ಕಂಬದ ಮೇಲೆ ಮಾಡುವ ಶ್ರಮಗಳನ್ನು ಹೇಳಲಾಗಿದೆ. ವಯಸ್ಸು ನೋಡಿ ಎಂಬ ಆ ಮಾತು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಮುಂದೆ ಗರಡಿಮನೆಗಳಲ್ಲಿಯೂ ಹೊಸಬನ ಕೈಗೆ ದೊಡ್ಡ ಗದೆ ಕೊಡುತ್ತಿರಲಿಲ್ಲ. ಗೋಡೆಗೆ ಒರಗಿಸಿಟ್ಟ, ಕೈಯಲ್ಲಿ ಹಿಡಿದು ತಿರುಗಿಸುವ ಮರದ ಕರೇಲಗಳಲ್ಲಿ ಹಗುರವಾದವೂ ಇರುತ್ತಿದ್ದವು, ಎರಡು ಕೈಯಲ್ಲೂ ಎತ್ತಲಾಗದವೂ ಇರುತ್ತಿದ್ದವು. ಯಾರಿಗೆ ಯಾವುದು ಎಂದು ತೀರ್ಮಾನಿಸುತ್ತಿದ್ದವರು ಉಸ್ತಾದರು. ಇದೇ ಕರೇಲಗಳನ್ನು 19ನೇ ಶತಮಾನದಲ್ಲಿ ಬ್ರಿಟಿಷರು ಇಲ್ಲಿ ಕಂಡು ತಮ್ಮ ದೇಶಕ್ಕೆ ಒಯ್ದರು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಕರೇಲ ತಿರುಗಿಸುವುದು ಸ್ಪರ್ಧೆಯೂ ಆಗಿತ್ತು.

ಇಲ್ಲಿ ಪ್ರೊ. ಕೆ.ವಿ. ಅಯ್ಯರ್ ಅವರನ್ನು ನೆನೆಯದಿದ್ದರೆ ಮಾತು ಅಪೂರ್ಣ. ಬೇಲೂರಿನವರಿಗೆ ಅವರು ‘ಶಾಂತಲಾ’ ಕಾದಂಬರಿಯ ಕರ್ತೃವಾಗಿ ಪರಿಚಿತರು. ಆದರೆ ಅವರ ನಿತ್ಯದ ದುಡಿಮೆ ಬೆಂಗಳೂರಿನ ವ್ಯಾಯಾಮಶಾಲೆಯಲ್ಲಿತ್ತು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ತಂದರು. ಭಾರದ ವ್ಯಾಯಾಮಕ್ಕೆ ಆಸನ ಮತ್ತು ಸೂರ್ಯ ನಮಸ್ಕಾರ ಬೆರೆಸಿದರು, ದೂರದೂರಿನವರಿಗೆ ಅಂಚೆಯ ಮೂಲಕ ವ್ಯಾಯಾಮ ಪಾಠ ಕಳಿಸಿದರು. ಮನೆಯಲ್ಲೇ, ಒಂಟಿಯಾಗಿ, ತಕ್ಕ ಪಾಠ ಹಿಡಿದು ದೇಹ ಕಟ್ಟಿಕೊಳ್ಳಬಹುದು ಎಂಬ ನಂಬಿಕೆಯನ್ನು ಕನ್ನಡಿಗರೊಬ್ಬರು ಆಗಲೇ ಆಚರಣೆಗೆ ತಂದಿದ್ದರು.

ಕುರ್ಚಿಯ ನಂತರ ಕಾಸು ಕೊಟ್ಟು ಕೊಳ್ಳುವ ಮೊದಲ ವಸ್ತು ಯಾವುದು? ನನ್ನ ಆಯ್ಕೆ ರಬ್ಬರ್ ಬ್ಯಾಂಡ್ ಮತ್ತು ಕಣಕಾಲಿಗೆ ಕಟ್ಟುವ ಮರಳುಪಟ್ಟಿ. ಎರಡೂ ಸೇರಿ ಒಂದು ಚೀಲದಲ್ಲಿ ಹಿಡಿಯುತ್ತವೆ, ಕರೆಂಟು ಬೇಡ, ಮಗಳ ಮನೆಗೆ ಹೋಗುವಾಗಲೂ ಒಯ್ಯಬಹುದು.

ಮರಳುಪಟ್ಟಿಯ ಹಿಂದೆ ದೊಡ್ಡ ಕತೆಯಿದೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಹಿರಿಯರು ಬೀಳುವುದನ್ನು ತಪ್ಪಿಸಲು ಮನೆಯಲ್ಲೇ ಮಾಡುವ ವ್ಯಾಯಾಮದ ಕ್ರಮವೊಂದನ್ನು ರೂಪಿಸಿದರು. ಫಿಸಿಯೋಥೆರಪಿಸ್ಟ್ ಅಥವಾ ತರಬೇತಿ ಪಡೆದ ನರ್ಸ್ ಮನೆಗೆ ಬಂದು ಕಲಿಸುತ್ತಿದ್ದರು. ಉಪಕರಣ ಎಂದರೆ ಕಣಕಾಲಿನ ತೂಕದ ಪಟ್ಟಿ ಮಾತ್ರ. ಅದರ ಜೊತೆಗೆ ಸಮತೋಲದ ಅಭ್ಯಾಸ ಮತ್ತು ನಡಿಗೆ. ಈ ಕ್ರಮ ಅನುಸರಿಸಿದವರಲ್ಲಿ ಬೀಳುವ ಪ್ರಸಂಗಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಲಕ್ಷ ರೂಪಾಯಿಯ ಯಂತ್ರ ಮಾಡದ ಕೆಲಸವನ್ನು ಒಂದು ಮರಳಿನ ಪಟ್ಟಿ, ಒಂದು ಅಡುಗೆಮನೆ ಕಟ್ಟೆ ಮತ್ತು ಆಗಾಗ ಬಂದು ನೋಡುವ ಬಲ್ಲವರೊಬ್ಬರು ಸೇರಿ ಮಾಡಿದರು.

ಪಟ್ಟಿ ಕೊಳ್ಳುವಾಗ ಒಂದು ವಿಷಯ ನೋಡಿ. ಒಳಗೆ ಚಿಕ್ಕ ಚಿಕ್ಕ ತೂಕದ ಪೊಟ್ಟಣಗಳಿದ್ದು, ಒಂದೊಂದಾಗಿ ಸೇರಿಸಲು ತೆಗೆಯಲು ಬರುವಂಥದ್ದೇ ಬೇಕು. ಕಾರಣ ಸರಳವಾದ ಲೆಕ್ಕ. ಹತ್ತು ಕೆಜಿ ಎತ್ತುವವನಿಗೆ ಒಂದು ಕೆಜಿ ಸೇರಿಸಿದರೆ ಹತ್ತನೇ ಒಂದು ಪಾಲು ಹೆಚ್ಚಾಯಿತು. ಒಂದು ಕೆಜಿಯಿಂದ ಎರಡಕ್ಕೆ ಹೋದರೆ ಭಾರ ಒಮ್ಮೆಲೇ ಇಮ್ಮಡಿ. ಹೊಸದಾಗಿ ಶುರು ಮಾಡಿದ ಹಿರಿಯರ ಭುಜವೋ ಮಂಡಿಯೋ ಹಿಡಿದುಕೊಳ್ಳುವುದು ಹೀಗೆ. ಅಂಗಡಿಯಲ್ಲಿ 1, 2, 5 ಕೆಜಿಯ ಡಂಬೆಲ್ ಜೋಡಿಗಳನ್ನು ಒಟ್ಟಿಗೆ ಮಾರುತ್ತಾರೆ. ಎರಡರಿಂದ ಐದಕ್ಕೆ ಹಾರುವ ಆ ಅಂತರದಲ್ಲಿ ಎಷ್ಟೋ ಮಂದಿಯ ವ್ಯಾಯಾಮ ನಿಂತುಹೋಗಿದೆ. ಶುರುವಿಗೆ ಒಂದು ಲೀಟರ್ ನೀರಿನ ಬಾಟಲಿ ಡಂಬೆಲ್ಲಿಗಿಂತ ಮೇಲು: ತುಂಬಿದರೆ ಒಂದು ಕೆಜಿ, ಅರ್ಧಕ್ಕೆ ಅರ್ಧ, ನಡುವೆ ಎಷ್ಟು ಬೇಕಾದರೂ. ಮುಂದೆ ಡಂಬೆಲ್ಲೇ ಬೇಕಾದರೆ ಷಟ್ಕೋನದ ತಲೆಯದು ತನ್ನಿ, ನೆಲದ ಮೇಲಿಟ್ಟರೆ ಉರುಳಿ ಕಾಲಿಗೆ ಸಿಕ್ಕುವುದಿಲ್ಲ.

ಬ್ಯಾಂಡಿನ ಗುಣ ಬೇರೆ. ಎಳೆದಷ್ಟೂ ಅದು ಬಿಗಿಯಾಗುತ್ತದೆ, ಕೈ ಬಿಟ್ಟರೆ ಮೈಮೇಲೆ ಬೀಳುವ ಭಾರವಿಲ್ಲ. ಹೆಸರಾದ ತಯಾರಕರ ಬ್ಯಾಂಡುಗಳಲ್ಲಿ ಹಳದಿ, ಕೆಂಪು, ಹಸಿರು, ನೀಲಿ, ಕಪ್ಪು ಎಂದು ಬಣ್ಣ ಏರಿದಂತೆ ಬಿಗಿಯೂ ಏರುತ್ತದೆ. ಹಿರಿಯರಿಗೆ ಹಳದಿ ಮತ್ತು ಕೆಂಪು ಎರಡು ತಂದರೆ ಕೆಲವು ತಿಂಗಳಿಗೆ ಸಾಕು. ಬೇಲೂರು ಕಡೆಯ ಹಳೆಯ ಮನೆಗಳಲ್ಲಿ ನಡುಮನೆಯ ಮರದ ಕಂಬ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ: ಹೊಟ್ಟೆಯ ಎತ್ತರದಲ್ಲಿ ಬ್ಯಾಂಡನ್ನು ಕಂಬಕ್ಕೆ ಸುತ್ತಿ, ಎರಡು ತುದಿ ಹಿಡಿದು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಹಿಂದಕ್ಕೆ ಎಳೆಯುವುದು. ಬೆನ್ನಿನ ಮೇಲ್ಭಾಗ ಗಟ್ಟಿಯಾಗಿ, ಗೂನು ಬಿದ್ದ ಭುಜ ಹಿಂದಕ್ಕೆ ಸರಿಯಲು ಇದಕ್ಕಿಂತ ಒಳ್ಳೆಯ ವ್ಯಾಯಾಮ ನಾನು ಕಂಡಿಲ್ಲ. ಕಂಬವಿಲ್ಲದ ಮನೆಯಲ್ಲಿ ಬಾಗಿಲಿಗೆ ಸಿಕ್ಕಿಸುವ ಪಟ್ಟಿ ಬರುತ್ತದೆ. ಬಾಗಿಲು ನಿಮ್ಮ ಕಡೆಗೆ ತೆರೆಯುವಂಥದ್ದಾದರೆ ಎಳೆದಾಗ ತೆರೆದುಕೊಂಡೀತು, ಆಚೆ ಕಡೆಗೆ ತೆರೆಯುವ ಬಾಗಿಲನ್ನೇ ಆರಿಸಿ ಚಿಲಕ ಹಾಕಿ. ಬ್ಯಾಂಡನ್ನು ಬಿಸಿಲಿಗೆ ಒಣಹಾಕಬಾರದು. ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿ, ಸೀಳು ಕಂಡರೆ ಎಸೆಯಿರಿ. ಹರಿದ ಬ್ಯಾಂಡು ಹೊಡೆಯುವುದು ನೇರ ಮುಖಕ್ಕೆ.

ಶುಗರ್ ಇರುವವರಲ್ಲಿ ಭುಜ ಹಿಡಿದುಕೊಳ್ಳುವ ಕಾಯಿಲೆ ಹೆಚ್ಚು. ಅಂಥವರಿಗೆ ಹಗುರವಾದ ಕರೇಲ ಈಗಲೂ ಒಳ್ಳೆಯ ಸಾಧನ ಎಂಬುದು ನನ್ನ ಅಭಿಪ್ರಾಯ. ನೋವಾಗದ ಮಿತಿಯೊಳಗೆ, ಗಡಿಯಾರದ ಲೋಲಕ ಆಡುವ ಹಾಗೆ ಮುಂದಕ್ಕೂ ಹಿಂದಕ್ಕೂ ತೂಗಿದರೆ ಸಾಕು. ಅರ್ಧ ಕೆಜಿಯ ಒಂದು ಜೋಡಿಯನ್ನು ಊರಿನ ಬಡಗಿಯೇ ಕಡೆದುಕೊಟ್ಟಾರು. ಬೇಲೂರಿನ ನವರಂಗದಲ್ಲಿ ಕಡೆದ ಕಂಬಗಳ ನಡುವೆ ನಿಂತವರಿಗೆ ಕಡೆತದ ಕೆಲಸದ ಮೇಲೆ ಪ್ರೀತಿ ಹುಟ್ಟದೆ ಇರುವುದಿಲ್ಲ. ಹಿಡಿಯುವ ಕಡೆ ಸಣ್ಣಗೆ, ತುದಿಯಲ್ಲಿ ದಪ್ಪಗೆ ಇರುವ ಕರೇಲದ ಚೆಲುವೂ ಕಡೆತದ್ದೇ.

ಇನ್ನು ಎಲ್ಲರೂ ಮೊದಲು ಕೇಳುವ ಟ್ರೆಡ್‌ಮಿಲ್. ಇಲ್ಲಿ ಊರು ನೋಡಿ ಮಾತಾಡಬೇಕು. ಅರಸೀಕೆರೆ ಬಯಲುಸೀಮೆ. ಮಳೆ ಕಡಿಮೆ, ವರ್ಷದ ಬಹುಪಾಲು ಬೆಳಿಗ್ಗೆ ಹೊರಗೆ ನಡೆಯಬಹುದು. ಹಳೇಬೀಡಿನವರಿಗೆ ದ್ವಾರಸಮುದ್ರದ ಕೆರೆಯ ದಂಡೆಯಿದೆ, ಕಾಲಲ್ಲಿ ಬಲ ಬಂದಮೇಲೆ ಪುಷ್ಪಗಿರಿಯ ಏರಿದೆ. ಇಂಥ ಕಡೆ ಮೂವತ್ತು ನಲವತ್ತು ಸಾವಿರ ಸುರಿದು ರಬ್ಬರ್ ಪಟ್ಟಿಯ ಮೇಲೆ ನಡೆಯಬೇಕಾಗಿಲ್ಲ. ಆ ದುಡ್ಡಿನ ಸಣ್ಣ ಪಾಲಿನಲ್ಲಿ ಒಂದು ಜೊತೆ ಒಳ್ಳೆಯ ಬೂಟು ಬರುತ್ತದೆ. ಬೇಲೂರು ಮಲೆನಾಡಿನ ಸೆರಗಿನಲ್ಲಿದೆ. ಮುಂಗಾರು ಹಿಡಿದರೆ ವಾರಗಟ್ಟಲೆ ಜಿಟಿಜಿಟಿ, ರಸ್ತೆಯಲ್ಲಿ ಪಾಚಿ. ಒಂದು ಸಲ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ವರ್ಷದ ಶ್ರಮವೆಲ್ಲ ವ್ಯರ್ಥ. ಅಲ್ಲಿನವರು ಮನೆಯೊಳಗೆ ನಡೆಯುವ ಏರ್ಪಾಡು ಮಾಡಿಕೊಳ್ಳುವುದರಲ್ಲಿ ಅರ್ಥವಿದೆ.

ಕೊಳ್ಳುವುದೇ ಆದರೆ ಮೋಟಾರಿನ ಕುದುರೆ ಬಲಕ್ಕಿಂತ ಮೊದಲು ಅತಿ ಕಡಿಮೆ ವೇಗ ಎಷ್ಟು ಎಂದು ಕೇಳಿ. ಗಂಟೆಗೆ ಒಂದು ಕಿಲೋಮೀಟರ್ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಶುರುವಾಗಬೇಕು. ಎರಡು ಬದಿಯಲ್ಲೂ ಉದ್ದದ ಹಿಡಿಕಂಬಿ ಇರಬೇಕು. ಬಟ್ಟೆಗೆ ಸಿಕ್ಕಿಸಿಕೊಳ್ಳುವ, ಎಳೆದರೆ ಯಂತ್ರ ನಿಲ್ಲುವ ಕೀಲಿ ಇರಬೇಕು, ಅದನ್ನು ದಿನವೂ ಸಿಕ್ಕಿಸಿಕೊಳ್ಳಬೇಕು. ಕರೆಂಟು ದಿಢೀರನೆ ಹೋಗುವ ಊರಲ್ಲಿ ಪಟ್ಟಿ ಗಕ್ಕನೆ ನಿಲ್ಲುತ್ತದೆ, ಆದ್ದರಿಂದ ಒಂದು ಕೈ ಕಂಬಿಯ ಹತ್ತಿರವೇ ಇರಲಿ. ಯಂತ್ರದ ಹಿಂದೆ ಗೋಡೆ ತೀರ ಹತ್ತಿರ ಇರಬಾರದು.

ಮಂಡಿ ಸವೆದವರಿಗೆ ಟ್ರೆಡ್‌ಮಿಲ್‌ಗಿಂತ ನಿಂತಲ್ಲೇ ತುಳಿಯುವ ಸೈಕಲ್ ವಾಸಿ. ಮೈಭಾರ ಸೀಟಿನ ಮೇಲಿರುತ್ತದೆ, ಕೀಲು ಆಡುತ್ತದೆ. ಹತ್ತಲು ಕಾಲನ್ನು ಎಷ್ಟು ಎತ್ತಬೇಕು ಎಂಬುದೇ ಮೊದಲ ಪರೀಕ್ಷೆ. ನಡುವಿನ ಚೌಕಟ್ಟು ತಗ್ಗಾಗಿದ್ದು, ಕಾಲು ದಾಟಿಸುವುದು ಸುಲಭವಾಗಿರಬೇಕು. ಸೊಂಟ ನೋವಿದ್ದರೆ ಬೆನ್ನಿಗೆ ಒರಗು ಇರುವ, ಕಾಲು ಮುಂದಕ್ಕೆ ಚಾಚಿ ತುಳಿಯುವ ಸೈಕಲ್ ನೋಡಿ. ಸೀಟಿನ ಎತ್ತರ ಸರಿಮಾಡುವುದನ್ನು ಬಲ್ಲವರು ಹೀಗೆ ತೋರಿಸುತ್ತಾರೆ: ಪೆಡಲು ಅತಿ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಡಿ, ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟರೆ ಮಂಡಿ ತುಸುವೇ ಬಾಗುತ್ತದೆ. ಸೀಟು ತಗ್ಗಾಗಿದ್ದರೆ ಮಂಡಿಯ ಚಿಪ್ಪಿನ ಮೇಲೆ ಒತ್ತಡ ಬಿದ್ದು, ನೋವು ಕಳೆಯಲು ತಂದ ಸೈಕಲ್ಲೇ ನೋವು ತರುತ್ತದೆ. ಇನ್ನೊಂದು ಮಾತನ್ನು ಮರೆಯಬಾರದು: ಸೀರೆಯ ನೆರಿಗೆ, ಪಂಚೆಯ ಅಂಚು ಪೆಡಲಿಗೆ ಸಿಕ್ಕಿಕೊಳ್ಳುತ್ತವೆ. ಅಮ್ಮಂದಿರು ಚೂಡಿದಾರ್ ಹಾಕಿಕೊಳ್ಳಲಿ, ಅಪ್ಪಂದಿರು ಪೈಜಾಮ ತೊಡಲಿ.

ನಿಂತುಕೊಂಡರೆ ನಡುಗುವ ತಟ್ಟೆ, ಹೊಟ್ಟೆಗೆ ಸುತ್ತುವ ಬೆಲ್ಟು, ಹತ್ತು ವ್ಯಾಯಾಮ ಒಂದರಲ್ಲೇ ಎನ್ನುವ ಕಬ್ಬಿಣದ ಗೋಪುರ ಇವುಗಳಿಗೆ ದುಡ್ಡು ಹಾಕಬೇಡಿ.

ಎಲ್ಲರೂ ಮರೆಯುವ ಸಾಧನ ಹಿಡಿದುಕೊಳ್ಳುವ ಆಸರೆ. ಸಮತೋಲದ ಅಭ್ಯಾಸಕ್ಕೆ ಬೇಕಾದ್ದು ಅದೊಂದೇ. ಅಡುಗೆಮನೆ ಕಟ್ಟೆಯ ಮುಂದೆ, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನಿಂತು ಹತ್ತು ಸೆಕೆಂಡು ಎಣಿಸುವುದು. ಆಮೇಲೆ ಕಟ್ಟೆಯ ಮೇಲೆ ಬೆರಳ ತುದಿ ಮಾತ್ರ. ಆಮೇಲೆ ಒಂದೇ ಕಾಲು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮದ ಜೊತೆಗೆ, 3 ದಿನ ಸಮತೋಲಕ್ಕೆ ಒತ್ತು ಕೊಟ್ಟ ವ್ಯಾಯಾಮ ಮಾಡಬೇಕೆಂದಿದೆ. ನಡಿಗೆಯನ್ನು ಎಲ್ಲರೂ ಮಾಡುತ್ತಾರೆ, ಸಮತೋಲವನ್ನು ಬಹಳ ಮಂದಿ ಬಿಡುತ್ತಾರೆ. ಟೈಲ್ಸ್ ಮೇಲೆ ಸಾಕ್ಸ್ ಹಾಕಿ ನಿಲ್ಲಬಾರದು. ಶುಗರಿನಿಂದ ಪಾದದ ಸ್ಪರ್ಶ ಮಂದವಾದವರು ಬರಿಗಾಲಲ್ಲೂ ಬೇಡ, ಹಿಡಿತದ ಅಟ್ಟೆಯಿರುವ ಪಾದರಕ್ಷೆ ತೊಡಲಿ. ಅಂಥವರು ದೇವಸ್ಥಾನದ ಮಧ್ಯಾಹ್ನದ ಕಾದ ಕಲ್ಲಿನ ಮೇಲೂ ಕಾಲಿಡಬಾರದು, ಬೆಳಿಗ್ಗೆಯೇ ಹೋಗಿ ಬರಲಿ.

ಅರಸೀಕೆರೆಯಲ್ಲಿ ರೈಲ್ವೆಯಿಂದ ನಿವೃತ್ತರಾದ, 68 ವರ್ಷದ, ಬಿಪಿ ಮಾತ್ರೆ ನುಂಗುವ, ಎಡ ಮಂಡಿ ನೋಯುವ ಒಬ್ಬರನ್ನು ಊಹಿಸಿಕೊಳ್ಳೋಣ. ಅವರಿಗೆ ನಾನು ಬರೆದುಕೊಡುವ ಚೀಟಿ ಸಣ್ಣದು: ಕುರ್ಚಿ, ಹಳದಿ ಬ್ಯಾಂಡು, ತೂಕ ಬದಲಾಯಿಸಬಹುದಾದ ಮರಳುಪಟ್ಟಿ, ಹಜಾರದ ಗೋಡೆಗೆ ತಿರುಪು ಹಾಕಿದ ಒಂದು ಉಕ್ಕಿನ ಹಿಡಿ. ಮೂರು ತಿಂಗಳು ಬಿಡದೆ ಮಾಡಿದರೆ ಆಮೇಲೆ ಸೈಕಲ್ಲಿನ ಮಾತು. ಶುರುವಿಗೆ ಮುನ್ನ ವೈದ್ಯರನ್ನು ಕಾಣಲೇಬೇಕು. ಎದೆನೋವು, ಹೃದಯಕ್ಕೆ ಹಾಕಿದ ಸ್ಟೆಂಟ್, ಹೊಸದಾಗಿ ಆದ ಕಣ್ಣಿನ ಆಪರೇಷನ್, ಹರ್ನಿಯ, ಬೆನ್ನುಮೂಳೆ ಟೊಳ್ಳಾಗಿರುವುದು ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡದೆ ಹೇಳಬೇಕು. ಬಿಪಿಯ ಕೆಲವು ಮಾತ್ರೆಗಳು ನಾಡಿ ಏರುವುದನ್ನೇ ತಡೆಯುತ್ತವೆ, ಆದ್ದರಿಂದ ಕೈಗಡಿಯಾರ ತೋರಿಸುವ ಬಡಿತವನ್ನು ನಂಬಿ ಶ್ರಮ ಹೆಚ್ಚಿಸಬಾರದು. ವ್ಯಾಯಾಮದ ನಡುವೆ ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ಅಳತೆ. ಸ್ನಾಯು ಒಂದೆರಡು ದಿನ ನೊಂದರೆ ಹೆದರಬೇಕಿಲ್ಲ. ಕೀಲು ಮರುದಿನ ಊದಿಕೊಂಡರೆ ಒಂದು ಮೆಟ್ಟಿಲು ಹಿಂದಕ್ಕೆ ಬರಬೇಕು.

ಸಾಧನವನ್ನು ಎಲ್ಲಿಡುತ್ತೀರಿ ಎಂಬುದೂ ಆಯ್ಕೆಯ ಭಾಗವೇ. ನಮ್ಮ ಕಡೆ ಮನೆಗಳಲ್ಲಿ ಅಟ್ಟ ಕೊಬ್ಬರಿಗೆ ಮೀಸಲು, ಬೇಡದ ಸಾಮಾನಿಗೂ ಅದೇ ಜಾಗ. ಸಾಧನ ಅಲ್ಲಿಗೆ ಹೋಗಬಾರದು. ಬ್ಯಾಂಡು ಮತ್ತು ಪಟ್ಟಿಗೆ ಹಜಾರದಲ್ಲಿ, ಟಿವಿಯ ಪಕ್ಕದಲ್ಲಿ, ಎದೆಯ ಎತ್ತರಕ್ಕೆ ಒಂದು ಮೊಳೆ ಹೊಡೆಯಿರಿ. ಕ್ಯಾಲೆಂಡರನ್ನೂ ಅಲ್ಲೇ ತೂಗುಹಾಕಿ, ಪ್ರತಿ ತಿಂಗಳ ಮೊದಲ ದಿನ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದಿರಿ ಎಂದು ಆ ಚೌಕದೊಳಗೆ ಪೆನ್ನಿನಲ್ಲಿ ಬರೆಯಿರಿ. ಮುಂದಿನ ಸಾಧನ ಬೇಕೇ ಬೇಡವೇ ಎಂಬುದನ್ನು ಆ ಅಂಕಿ ನೋಡಿ ಮನೆಯವರು, ಫಿಸಿಯೋ ಸೇರಿ ತೀರ್ಮಾನಿಸಬಹುದು.